ಗಾಲಿಗೆ ಕಟ್ಟಿದ ಬುತ್ತಿ

‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂಬ ಮಾತು ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಪರಿಚಿತವೇ. ಮಾರ್ಚ್ ತಿಂಗಳು ಬಂದ ಮೇಲೆ ಸಮಾಜ ವಿಜ್ಞಾನದ ಪುಸ್ತಕದ ಮೊದಲ ಪುಟ ಬಿಚ್ಚುತ್ತಿದ್ದವರಿಗಾಗಿ ಅದನ್ನು ನಾನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡುತ್ತಿದ್ದೆ. ಇಂದು ಅದೇ ಮಾತಿನ ಬೆನ್ನು ಹಿಡಿದು ಬೇರೊಂದು ಚರಿತ್ರೆಯನ್ನು ಹೇಳಬೇಕೆಂದಿದ್ದೇನೆ. ಇದು ರಾಜರ ಚರಿತ್ರೆಯಲ್ಲ, ಯುದ್ಧಗಳ ಚರಿತ್ರೆಯೂ ಅಲ್ಲ. ಸೈಕಲ್ಲಿಗೆ ಹಾಸಿಗೆ ಬುತ್ತಿಗಳನ್ನು ಕಟ್ಟಿಕೊಂಡು, ಜನವಸತಿಯಿಲ್ಲದ ಬೆಟ್ಟ, ಮರಳುಗಾಡು, ಹಿಮಬಯಲುಗಳ ನಡುವೆ ಸಾವಿರಾರು ಕಿಲೋಮೀಟರು ತುಳಿಯುವವರ ಚರಿತ್ರೆ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇಂಥ ಸ್ಪರ್ಧೆಯೊಂದರ ವಿಷಯ ಬರೆದು, ‘ಸಾರ್, ಇದನ್ನು ಸಾಹಸವೆನ್ನಬೇಕೋ ಹುಚ್ಚಾಟವೆನ್ನಬೇಕೋ’ ಎಂದು ಕೇಳಿದ್ದರು. ಎರಡರಲ್ಲಿ ಒಂದನ್ನು ಆರಿಸಿ ಉತ್ತರಿಸುವುದು ಸುಲಭ. ಆದರೆ ಸಾಹಸಕ್ಕೂ ಹುಚ್ಚಾಟಕ್ಕೂ ನಡುವಿನ ಗೆರೆ ಎಲ್ಲಿದೆ, ಅದನ್ನು ಯಾರು ಎಳೆದರು, ಎಷ್ಟು ಬೆಲೆ ತೆತ್ತು ಎಳೆದರು ಎಂಬುದನ್ನು ತಿಳಿಯದೆ ಕೊಟ್ಟ ಉತ್ತರಕ್ಕೆ ತೂಕವಿರುವುದಿಲ್ಲ. ಆದುದರಿಂದ ಮೊದಲಿನಿಂದ ಬರೋಣ.

ಈ ಸ್ಪರ್ಧೆಗಳಿಗೆ ಬೈಕ್‌ಪ್ಯಾಕಿಂಗ್ ಸ್ಪರ್ಧೆಗಳೆಂದು ಹೆಸರು. ನಾವು ದೂರದರ್ಶನದಲ್ಲಿ ನೋಡುವ ಟೂರ್ ಡಿ ಫ್ರಾನ್ಸ್‌ನಂತಲ್ಲ ಇವು. ಅಲ್ಲಿ ಸವಾರನ ಹಿಂದೆ ಕಾರಿನಲ್ಲಿ ವೈದ್ಯನಿರುತ್ತಾನೆ, ಮೆಕ್ಯಾನಿಕ್ ಇರುತ್ತಾನೆ, ಬದಲಿ ಸೈಕಲ್ ಸಹ ಇರುತ್ತದೆ. ಇಲ್ಲಿ ಇವು ಯಾವುವೂ ಇಲ್ಲ. ಹಸಿವಾದರೆ ಚೀಲದಲ್ಲಿರುವುದನ್ನು ತಿನ್ನಬೇಕು, ಗಾಲಿ ಮುರಿದರೆ ತಾನೇ ಕಟ್ಟಿಕೊಳ್ಳಬೇಕು, ನಿದ್ರೆ ಬಂದರೆ ಮರದ ಬುಡದಲ್ಲಿ ಮಲಗಬೇಕು. ದಾರಿಯಲ್ಲಿ ಸಿಗುವ ಅಂಗಡಿಯಲ್ಲಿ ಎಲ್ಲರಂತೆ ಹಣ ಕೊಟ್ಟು ಕೊಳ್ಳಬಹುದು. ಆದರೆ ಗೆಳೆಯನನ್ನು ಕರೆಸಿಕೊಂಡು ಸಹಾಯ ಪಡೆಯುವಂತಿಲ್ಲ. ತನ್ನ ಭಾರವನ್ನು ತಾನೇ ಹೊರಬೇಕೆಂಬುದೇ ಇದರ ಮೂಲಸೂತ್ರ.

ಈ ಸೂತ್ರ ಹೊಸತು. ಆದರೆ ದುರ್ಗಮ ಪ್ರದೇಶದಲ್ಲಿ ಸೈಕಲ್ ನಡೆಸುವ ಪ್ರಯೋಗ ನೂರಿಪ್ಪತ್ತೈದು ವರ್ಷಗಳಿಗೂ ಹಳೆಯದು. ಅದರ ಮೊದಲ ದೊಡ್ಡ ಅಧ್ಯಾಯವನ್ನು ಬರೆದವರು ಸ್ಪರ್ಧಿಗಳಲ್ಲ, ಸೈನಿಕರು.

1896ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಫೋರ್ಟ್ ಮಿಸೌಲಾ ಎಂಬ ಠಾಣ್ಯದಲ್ಲಿ 25ನೆಯ ಪದಾತಿದಳ ಬೀಡುಬಿಟ್ಟಿತ್ತು. ಅದು ಕಪ್ಪು ಜನಾಂಗದ ಸೈನಿಕರ ದಳ. ಅಧಿಕಾರಿಗಳು ಮಾತ್ರ ಬಿಳಿಯರು. ಜೇಮ್ಸ್ ಮಾಸ್ ಎಂಬ ತರುಣ ಲೆಫ್ಟಿನೆಂಟನಿಗೆ, ಕುದುರೆಯ ಬದಲು ಸೈಕಲ್ ಏರಿದ ಸೈನಿಕ ಹೇಗಿದ್ದಾನು ಎಂಬ ಕುತೂಹಲ ಹುಟ್ಟಿತು. ಕುದುರೆಗೆ ಹುಲ್ಲು ಬೇಕು, ನೀರು ಬೇಕು, ವಿಶ್ರಾಂತಿ ಬೇಕು. ಸೈಕಲ್ಲಿಗೆ ಇವೇನೂ ಬೇಡ ಎಂಬುದು ಅವನ ವಾದ. ಆದರೆ ಅವನು ನೇರವಾಗಿ ದೂರದ ಯಾತ್ರೆಗೆ ಹೊರಡಲಿಲ್ಲವೆಂಬುದನ್ನು ಗಮನಿಸಬೇಕು. ಮೊದಲು ಕವಾಯತು ನಡೆಯಿತು. ಬೇಲಿ ಹಾರಿಸಿ ಸೈಕಲ್ ದಾಟಿಸುವುದು, ಹೊಳೆಯಲ್ಲಿ ಹೊತ್ತು ನಡೆಯುವುದು, ಇವನ್ನು ಅಭ್ಯಾಸ ಮಾಡಿಸಿದ. ಅನಂತರ ಆ ವರ್ಷದ ಆಗಸ್ಟ್‌ನಲ್ಲಿ ಮೆಕ್‌ಡೊನಾಲ್ಡ್ ಸರೋವರದವರೆಗೆ ಹೋಗಿಬರುವ 126 ಮೈಲಿಗಳ ಸಣ್ಣ ಪಯಣ. ಅಲ್ಲಿ ಮಳೆ, ಕೆಸರು, ತೂತಾದ ಟೈರುಗಳ ರುಚಿಯೆಲ್ಲ ಕಂಡಾಯಿತು. ಬಳಿಕ ಯೆಲ್ಲೋಸ್ಟೋನ್ ಉದ್ಯಾನವನ್ನು ಸುತ್ತಿಬರುವ ಇನ್ನೂ ದೊಡ್ಡ ಪಯಣ. ಇಷ್ಟೆಲ್ಲ ಆದ ಮೇಲೆ, 1897ರ ಜೂನ್ 14ರಂದು, 20 ಜನ ಸೈನಿಕರು, ಮಾಸ್, ಒಬ್ಬ ವೈದ್ಯ ಮತ್ತು ಒಬ್ಬ ತರುಣ ಪತ್ರಕರ್ತ ಮಿಸೂರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಕಡೆಗೆ ಹೊರಟರು. ದೂರ ಸುಮಾರು 1,900 ಮೈಲಿ. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು.

ಸ್ಪಾಲ್ಡಿಂಗ್ ಕಂಪನಿ ಕೊಟ್ಟ ಸೈಕಲ್ಲುಗಳಿಗೆ ಮರದ ರಿಮ್ಮಿನ ಬದಲು ಉಕ್ಕಿನ ರಿಮ್ ಹಾಕಿಸಲಾಗಿತ್ತು. ಸಾಮಾನು ಹೇರಿದ ಮೇಲೆ ಒಂದೊಂದರ ತೂಕ ಸುಮಾರು 59 ಪೌಂಡು, ಎಂದರೆ 27 ಕಿಲೋಗ್ರಾಮಿನಷ್ಟು. ಹೆಗಲಿಗೆ ಬಂದೂಕು ಬೇರೆ. ಪ್ರತಿಯೊಬ್ಬರೂ ಎರಡು ದಿನದ ಆಹಾರವನ್ನು ಮಾತ್ರ ಹೊತ್ತಿದ್ದರು. ಉಳಿದುದನ್ನು ಸುಮಾರು ನೂರು ಮೈಲಿಗೊಂದರಂತೆ ರೈಲ್ವೆ ನಿಲ್ದಾಣಗಳಿಗೆ ಮುಂಚೆಯೇ ಕಳುಹಿಸಿ ಇರಿಸಲಾಗಿತ್ತು. ಇದು ಮಾಸ್‌ನ ದೂರದೃಷ್ಟಿ. ಹೊತ್ತರೆ ವೇಗವಿಲ್ಲ, ಹೊರದಿದ್ದರೆ ಊಟವಿಲ್ಲ ಎಂಬ ಇಕ್ಕಟ್ಟಿಗೆ ಅವನು ಕಂಡುಕೊಂಡ ಪರಿಹಾರ.

ಆದರೂ ಯೋಜನೆಯಲ್ಲಿ ಒಂದು ದೊಡ್ಡ ತೂತು ಉಳಿಯಿತು. ಅನ್ನದ ಲೆಕ್ಕ ಹಾಕಿದವನು ನೀರಿನ ಲೆಕ್ಕವನ್ನು ಅಷ್ಟು ಬಿಗಿಯಾಗಿ ಹಾಕಿರಲಿಲ್ಲ. ರಾಕಿ ಪರ್ವತಗಳ ಹಿಮವನ್ನೂ ಮೊಂಟಾನಾದ ಅಂಟು ಮಣ್ಣನ್ನೂ ದಾಟಿದ ಆ ಗಟ್ಟಿಗರು ಸೋತು ಕುಳಿತದ್ದು ನೆಬ್ರಾಸ್ಕಾದ ಮರಳುದಿಬ್ಬಗಳಲ್ಲಿ. ನೆರಳಿನಲ್ಲೇ 110 ಡಿಗ್ರಿ ಫ್ಯಾರನ್‌ಹೀಟ್ ತಾಪ, ಎಂದರೆ 43 ಸೆಲ್ಸಿಯಸ್. ಮರಳಿನಲ್ಲಿ ಗಾಲಿ ಉರುಳದೆ ರೈಲು ಹಳಿಗಳ ನಡುವಿನ ಅಡ್ಡಪಟ್ಟಿಗಳ ಮೇಲೆ ಕುಕ್ಕರಿಸುತ್ತ ಸಾಗಬೇಕಾಯಿತು. ಕುಡಿಯಲು ಸಿಕ್ಕಿದ್ದು ಕ್ಷಾರ ಬೆರೆತ ನೀರು. ಒಬ್ಬೊಬ್ಬರಾಗಿ ಹೊಟ್ಟೆ ಕೆಟ್ಟು ಮಲಗಿದರು. ಸ್ವತಃ ಮಾಸ್ ಕೂಡ ಕೆಲವು ದಿನ ಹಿಂದೆ ಉಳಿಯಬೇಕಾಯಿತು. ಕೊನೆಗೆ ಜುಲೈ 24ರಂದು, 41ನೆಯ ದಿನ, ತಂಡ ಸೇಂಟ್ ಲೂಯಿಸ್ ಮುಟ್ಟಿತು. ಕರಡಿಯಾಗಲಿ ತೋಳವಾಗಲಿ ಅವರನ್ನು ತಡೆಯಲಿಲ್ಲ. ತಡೆದದ್ದು ಒಂದು ಲೋಟ ನೀರು.

ಆ ತಂಡದಲ್ಲಿ ಮಿಂಗೋ ಸ್ಯಾಂಡರ್ಸ್ ಎಂಬ ಸಾರ್ಜೆಂಟನಿದ್ದ. ಸವಾರರಲ್ಲೇ ಹಿರಿಯರ ಪೈಕಿ ಒಬ್ಬ, ಒಂದು ಕಣ್ಣಿನ ದೃಷ್ಟಿಯೂ ಮಂದ. ಅವನೂ ಕೊನೆಯವರೆಗೆ ತುಳಿದ. ಮುಂದೆ 1906ರಲ್ಲಿ ಟೆಕ್ಸಸ್‌ನ ಬ್ರೌನ್ಸ್‌ವಿಲ್ ಪಟ್ಟಣದ ಗುಂಡಿನ ಪ್ರಕರಣದಲ್ಲಿ ವಿಚಾರಣೆಯೇ ಇಲ್ಲದೆ 167 ಕಪ್ಪು ಸೈನಿಕರನ್ನು ಅಧ್ಯಕ್ಷ ರೂಸ್‌ವೆಲ್ಟ್ ಸೇವೆಯಿಂದ ವಜಾ ಮಾಡಿದಾಗ ಸ್ಯಾಂಡರ್ಸ್ ಕೂಡ ನಿವೃತ್ತಿವೇತನ ಕಳೆದುಕೊಂಡು ಹೊರಬಿದ್ದ. ಆ ಅನ್ಯಾಯವನ್ನು ಸೈನ್ಯ ಸರಿಪಡಿಸಿದ್ದು 1972ರಲ್ಲಿ. ಆ ವೇಳೆಗೆ ಅವನು ತೀರಿಕೊಂಡು ದಶಕಗಳೇ ಕಳೆದಿದ್ದವು. ಇದು ನಮ್ಮ ವಿಷಯಕ್ಕೆ ಸ್ವಲ್ಪ ಹೊರಗಿನದಾದರೂ, ಮೂರು ಸಾವಿರ ಕಿಲೋಮೀಟರು ತುಳಿದ ಮನುಷ್ಯನ ಹೆಸರನ್ನು ಹೇಳಿ ಅವನಿಗಾದುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.

ಮೂರು ವರ್ಷಗಳ ನಂತರದ ಅಧ್ಯಾಯ ಉತ್ತರದ ಹಿಮಭೂಮಿಯಲ್ಲಿ ನಡೆಯುತ್ತದೆ. 1900ರಲ್ಲಿ ಅಲಾಸ್ಕದ ನೋಮ್ ಎಂಬ ಕಡಲತೀರದ ಮರಳಿನಲ್ಲಿ ಚಿನ್ನ ಸಿಗುತ್ತದೆಂಬ ಸುದ್ದಿ ಕೆನಡಾದ ಡಾಸನ್ ಪಟ್ಟಣವನ್ನು ಮುಟ್ಟಿತ್ತು. ನಡುವೆ ಸಾವಿರ ಮೈಲಿಗೂ ಮಿಕ್ಕಿದ ದಾರಿ. ಬಹುಭಾಗ ಹೆಪ್ಪುಗಟ್ಟಿದ ಯೂಕಾನ್ ನದಿಯ ಮೇಲೆ. ನಾಯಿಬಂಡಿ ಕೊಳ್ಳಲಾಗದ ಕೆಲವರು ಸೈಕಲ್ ಏರಿಯೇ ಹೊರಟರು. ನಾಯಿಬಂಡಿಯ ಓಟಪಟ್ಟಿಗಳು ಹಿಮದಲ್ಲಿ ಕೊರೆದ ಕಿರಿದಾದ ಜಾಡೇ ಅವರಿಗೆ ರಸ್ತೆ. ಅಲ್ಲಲ್ಲಿ ತಂಗುಮನೆಗಳಿದ್ದವು, ಅವುಗಳ ಭರವಸೆಯ ಮೇಲೆಯೇ ಆ ಯಾತ್ರೆ.

ಅವರಲ್ಲಿ ಎಡ್ ಜೆಸ್ಸನ್ ಎಂಬವನ ಅನುಭವ ವಿಜ್ಞಾನದ ಪಾಠದಂತಿದೆ. ಸೊನ್ನೆಗಿಂತ 48 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿನ ಚಳಿಯ ಒಂದು ಮುಂಜಾನೆ ಅವನ ಟೈರು ಕೊಳವೆಯಂತೆ ಬಿರುಸಾಗಿತ್ತು. ಬೇರಿಂಗಿನೊಳಗಿನ ಎಣ್ಣೆ ಹೆಪ್ಪುಗಟ್ಟಿ ಗಾಲಿಯೇ ತಿರುಗಲೊಲ್ಲದು. ಮೂಗು ಮರಗಟ್ಟುತ್ತಿದ್ದರೂ ಉಜ್ಜಿಕೊಳ್ಳಲು ಹ್ಯಾಂಡಲಿನಿಂದ ಕೈ ತೆಗೆಯುವಂತಿರಲಿಲ್ಲ. ಬೆಚ್ಚಗಿನ ನಾಡಿನಲ್ಲಿ ಸರಿಯಾಗಿರುವ ವಸ್ತು ಚಳಿಯಲ್ಲಿ ಅದೇ ವಸ್ತುವಾಗಿ ಉಳಿಯುವುದಿಲ್ಲ ಎಂಬುದನ್ನು ಅವನು ದಾರಿಯಲ್ಲಿಯೇ ಕಲಿತ.

ಇನ್ನೊಬ್ಬ ಮ್ಯಾಕ್ಸ್ ಹರ್ಷ್‌ಬರ್ಗ್ ಎಂಬ ತರುಣ. ಮಾರ್ಚ್ ಮೊದಲಲ್ಲಿ ಹೊರಟವನು ನೋಮ್ ತಲಪುವ ವೇಳೆಗೆ ಮೇ ನಡುಭಾಗ ದಾಟಿತ್ತು. ಚಳಿಗಾಲದ ದಾರಿಯನ್ನು ವಸಂತದ ಬಿಸಿಲು ಕರಗಿಸತೊಡಗಿತು. ಶಾಕ್ಟೂಲಿಕ್ ನದಿಯ ಮಂಜುಗಡ್ಡೆ ಕುಸಿದು ಅವನು ನೀರಿಗೆ ಬಿದ್ದು ಜೀವ ಉಳಿಸಿಕೊಂಡ. ಆದರೆ ಚಿನ್ನದ ಪುಡಿಯ ಸಂಚಿಯೂ ಗಡಿಯಾರವೂ ಹೋದವು. ಕೊನೆಯ ಭಾಗದಲ್ಲಿ ಚೈನ್ ತುಂಡಾದಾಗ ತನ್ನ ದಪ್ಪ ಕೋಟನ್ನು ಹಾಯಿಯಂತೆ ಬಿಚ್ಚಿ ಹಿಡಿದು, ಬೆನ್ನಿನ ಗಾಳಿಯ ಬಲದಿಂದಲೇ ಹಿಮದ ಮೇಲೆ ಸಾಗಿದ. ಓದುವಾಗ ನಗು ಬರುತ್ತದೆ, ಮೆಚ್ಚುಗೆಯೂ ಆಗುತ್ತದೆ. ಆದರೆ ಕೋಟಿನ ಹಾಯಿ ಪ್ರತ್ಯುತ್ಪನ್ನಮತಿಗೆ ಉದಾಹರಣೆಯೇ ಹೊರತು ಪೂರ್ವಸಿದ್ಧತೆಗೆ ಅಲ್ಲ. ಇವೆರಡನ್ನು ಒಂದೆಂದು ತಿಳಿಯುವುದೇ ಅನೇಕ ಅನಾಹುತಗಳ ಬೀಜ.

ಮೋಟಾರು ವಾಹನಗಳು ಬಂದ ಮೇಲೆ ಆ ಹಿಮದ ಜಾಡುಗಳಲ್ಲಿ ಸೈಕಲ್ಲುಗಳ ಸದ್ದಡಗಿತು. ಅವು ಮರಳಿದ್ದು 1987ರಲ್ಲಿ, ಅಲಾಸ್ಕದ ಹಳೆಯ ಇಡಿಟಾರೋಡ್ ಜಾಡಿನ ಮೇಲೆ ಇಡಿಟಾಬೈಕ್ ಎಂಬ ಸ್ಪರ್ಧೆ ಆರಂಭವಾದಾಗ. ಈ ಬಾರಿ ಚಿನ್ನಕ್ಕಾಗಿ ಅಲ್ಲ, ತಮ್ಮನ್ನು ತಾವು ಪರೀಕ್ಷಿಸಿಕೊಳ್ಳುವುದಕ್ಕಾಗಿ. ಮೊದಲು 200 ಮೈಲಿಯಷ್ಟಿದ್ದ ದಾರಿ 2000ದ ಇಸವಿಯಲ್ಲಿ ನೋಮ್ ವರೆಗಿನ ಸಾವಿರ ಮೈಲಿಗೆ ಬೆಳೆಯಿತು. ಮುಂದೆ ಇಡಿಟಾರೋಡ್ ಟ್ರೈಲ್ ಇನ್ವಿಟೇಷನಲ್ ಎಂಬ ಹೆಸರಿನಲ್ಲಿ, ಮೆಕ್‌ಗ್ರಾತ್ ಎಂಬ ಊರಿನವರೆಗೆ 350 ಮೈಲಿ, ನೋಮ್ ವರೆಗೆ 1,000 ಮೈಲಿ ಎಂಬ ಎರಡು ಘಟ್ಟಗಳಾದವು.

ಆ ಜಾಡಿನಲ್ಲಿ ಎಲ್ಲಕ್ಕಿಂತ ಭಯಂಕರವಾದುದು ಹಿಮವಲ್ಲ, ನೀರು. ನದಿಯ ಮೇಲಿನ ಮಂಜುಗಡ್ಡೆ ಒತ್ತಡಕ್ಕೆ ಬಿರಿದಾಗ ಒಳಗಿನ ನೀರು ಮೇಲೆ ಹರಿದು, ಅದರ ಮೇಲೆ ತೆಳುವಾದ ಹೊಸ ಮಂಜು ಕಟ್ಟಿ, ಮೇಲೊಂದು ಪದರ ಹಿಮ ಬಿದ್ದಿರುತ್ತದೆ. ನೋಡುವವನಿಗೆ ಗಟ್ಟಿ ನೆಲ. ಕಾಲಿಟ್ಟೊಡನೆ ಮೊಣಕಾಲಿನವರೆಗೆ ನೀರು. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ತೊಯ್ದ ಕಾಲು ಬೆರಳುಗಳನ್ನು ಕಳೆದುಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ. ಅದಕ್ಕಾಗಿ ಅನುಭವಿಗಳು ನೀರು ಹೋಗದ ಉದ್ದನೆಯ ಕಾಲುಚೀಲವನ್ನು ಗಂಟಿನ ತಳದಲ್ಲಿ ಇಡುವುದಿಲ್ಲ. ಕೈಗೆಟಕುವಲ್ಲಿ ಮೇಲೆಯೇ ಕಟ್ಟಿರುತ್ತಾರೆ. ಬೇಕಾದಾಗ ಸಿಗದ ವಸ್ತು ಇದ್ದೂ ಇಲ್ಲದಂತೆ.

ಇಲ್ಲಿ ಎರಡು ಪಂಥಗಳು ಹುಟ್ಟಿದವು. ಒಂದು, ನಿಯಮದ ಪಂಥ. ಮಿನೆಸೋಟಾ ರಾಜ್ಯದಲ್ಲಿ 2005ರಿಂದ ನಡೆಯುತ್ತಿರುವ ಆ್ಯರೋಹೆಡ್ 135 ಎಂಬ ಚಳಿಗಾಲದ ಸ್ಪರ್ಧೆ ಇದಕ್ಕೆ ಉತ್ತಮ ನಿದರ್ಶನ. 135 ಮೈಲಿಗಳ ಆ ದಾರಿಗೆ ಹೊರಡುವ ಮುನ್ನ ಕಡುಚಳಿಗೆ ತಕ್ಕ ಮಲಗುಚೀಲ, ಒಲೆ, ಇಂಧನ, ಬೆಂಕಿ ಹೊತ್ತಿಸುವ ಸಾಧನ, ದೀಪ ಇವೆಲ್ಲ ಇವೆಯೆಂದು ತೋರಿಸಬೇಕು. ಕೊರಳಿಗೆ ದಾರ ಕಟ್ಟಿದ ಒಂದು ಸೀಟಿ ಇರಬೇಕು; ಬೆರಳು ಮರಗಟ್ಟಿ ಚೀಲ ಬಿಚ್ಚಲಾಗದವನು ಅದನ್ನಾದರೂ ಊದಬಲ್ಲ. ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ ನಿಯಮ ಮತ್ತೊಂದು. ಸ್ಪರ್ಧಿಯು ಗುರಿ ಮುಟ್ಟಿದಾಗ ಅವನ ಚೀಲದಲ್ಲಿ 3,000 ಕ್ಯಾಲೊರಿಯಷ್ಟು ಆಹಾರ ಉಳಿದಿರಲೇಬೇಕು. ಅರ್ಧ ಕಿಲೋಗ್ರಾಮಿನಷ್ಟು ಕಡಲೆಕಾಯಿ ಬೆಣ್ಣೆಯ ಡಬ್ಬಿಯೊಂದು ಇದ್ದರೆ ಸಾಕು. ಹಸಿವಾದರೂ ಅದನ್ನು ಮುಟ್ಟುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಎಷ್ಟೇ ಬರ ಬಂದರೂ ಬಿತ್ತನೆಯ ಬೀಜವನ್ನು ಅನ್ನ ಮಾಡುತ್ತಿರಲಿಲ್ಲವಲ್ಲ, ಅದೇ ವಿವೇಕ. ಉಳಿಸಿಕೊಂಡದ್ದು ಉಪಯೋಗಕ್ಕೆ ಬರಲಿಲ್ಲವೆಂದರೆ ಅದು ವ್ಯರ್ಥವಾಯಿತೆಂದಲ್ಲ. ಯಾತ್ರೆ ಕ್ಷೇಮವಾಗಿ ಮುಗಿಯಿತೆಂದು ಅರ್ಥ.

ಇನ್ನೊಂದು, ಅನುಭವದ ಪಂಥ. ಅಲಾಸ್ಕದ ದೀರ್ಘ ಸ್ಪರ್ಧೆಯವರು ಬಹುಕಾಲ ಕಡ್ಡಾಯ ಸಾಮಗ್ರಿಗಳ ಪಟ್ಟಿಯನ್ನೇ ಇಟ್ಟಿರಲಿಲ್ಲ. ಅದರ ಬದಲು, ಇದಕ್ಕೆ ಮುನ್ನ ನೀನು ಎಲ್ಲಿ ಏನು ಮಾಡಿದ್ದೀ ಎಂದು ಕೇಳುತ್ತಿದ್ದರು. ಮೆಕ್‌ಗ್ರಾತ್ ವರೆಗಿನ ದಾರಿಯನ್ನು ಮುಗಿಸದವನಿಗೆ ನೋಮ್‌ನ ದಾರಿ ಇಲ್ಲ. ಪಟ್ಟಿ ನೋಡಿ ಕೊಂಡುತಂದ ಒಲೆಯನ್ನು ಹೊತ್ತಿಸಲು ಬಾರದವನಿಗೆ ಒಲೆ ಬರಿಯ ಭಾರ ಎಂಬ ವಿಚಾರ ಇದರ ಹಿಂದಿದೆ. ಶಿಕ್ಷಕನಾಗಿ ನನಗೆ ಎರಡೂ ಪಂಥಗಳ ಪರಿಚಯವುಂಟು. ಕಂಪಾಸ್ ಪೆಟ್ಟಿಗೆ ತಂದಿದ್ದಾನೆಯೇ ಎಂದು ನೋಡುವುದು ಒಂದು. ಅದರಿಂದ ವೃತ್ತ ಬರೆಯಬಲ್ಲನೇ ಎಂದು ನೋಡುವುದು ಇನ್ನೊಂದು. ಹೊಸಬನಿಗೆ ಮೊದಲನೆಯದು ಬೇಕು, ಆದರೆ ಅದಷ್ಟರಿಂದಲೇ ಯಾರೂ ದಡ ಸೇರುವುದಿಲ್ಲ.

ಅಲಾಸ್ಕದಲ್ಲಿ ಪಳಗಿದವರೇ ಈ ಕ್ರೀಡೆಯನ್ನು ದಕ್ಷಿಣಕ್ಕೆ ತಂದರು. 1976ರಲ್ಲಿ ಅಮೆರಿಕದ ಇನ್ನೂರನೆಯ ವರ್ಷದ ಉತ್ಸವದ ಅಂಗವಾಗಿ ಸಾವಿರಾರು ಜನರಿಗೆ ದೇಶದಡ್ಡಕ್ಕೆ ಸೈಕಲ್ ಪ್ರವಾಸ ಏರ್ಪಡಿಸಿದ್ದ ಸಂಸ್ಥೆಯೊಂದು ಮುಂದೆ ಅಡ್ವೆಂಚರ್ ಸೈಕ್ಲಿಂಗ್ ಅಸೋಸಿಯೇಷನ್ ಎಂಬ ಹೆಸರು ತಳೆಯಿತು. ಅದರ ಕಚೇರಿ ಇದ್ದದ್ದು ಮಾಸ್‌ನ ಸೈನಿಕರು ಹೊರಟ ಅದೇ ಮಿಸೌಲಾದಲ್ಲಿ! 1990ರ ದಶಕದ ಕೊನೆಗೆ ಅದು ರಾಕಿ ಪರ್ವತಗಳ ಜಲವಿಭಾಜಕ ರೇಖೆಯನ್ನು ಅನುಸರಿಸಿ, ಕೆನಡಾ ಗಡಿಯಿಂದ ಮೆಕ್ಸಿಕೊ ಗಡಿಯವರೆಗೆ ಬಹುಪಾಲು ಮಣ್ಣಿನ ದಾರಿಗಳ ನಕ್ಷೆಯನ್ನು ಸಿದ್ಧಪಡಿಸಿತು. ಪ್ರವಾಸಿಗರು ಎರಡು ಮೂರು ತಿಂಗಳಲ್ಲಿ ನಿಧಾನವಾಗಿ ಮುಗಿಸಲೆಂದು ಮಾಡಿದ ದಾರಿ ಅದು. ಅಲಾಸ್ಕದ ಸ್ಪರ್ಧೆಯನ್ನು ಹಲವು ಬಾರಿ ಗೆದ್ದಿದ್ದ ಜಾನ್ ಸ್ಟ್ಯಾಮ್‌ಸ್ಟಾಡ್ 1999ರಲ್ಲಿ ಅದನ್ನು ಒಂಟಿಯಾಗಿ, ಯಾರ ನೆರವೂ ಇಲ್ಲದೆ, 18 ದಿನ 5 ಗಂಟೆಗಳಲ್ಲಿ ಮುಗಿಸಿದ. 2000ದಲ್ಲಿ ನೋಮ್ ಮುಟ್ಟಿದ್ದ ಮೈಕ್ ಕ್ಯೂರಿಯಾಕ್ 2004ರಲ್ಲಿ ಅದೇ ದಾರಿಯಲ್ಲಿ ಸ್ಪರ್ಧೆಯನ್ನೇ ಆರಂಭಿಸಿ ಸುಮಾರು 16 ದಿನಗಳಲ್ಲಿ ಗುರಿ ಸೇರಿದ. 2008ರಲ್ಲಿ ಮ್ಯಾಥ್ಯೂ ಲೀ ಎಂಬವರು ಕೆನಡಾದ ಬ್ಯಾನ್ಫ್ ಪಟ್ಟಣದಿಂದಲೇ ಹೊರಡುವ ಟೂರ್ ಡಿವೈಡ್ ಅನ್ನು ಆರಂಭಿಸಿದರು. ದೂರ 2,745 ಮೈಲಿ, ಸುಮಾರು 4,400 ಕಿಲೋಮೀಟರು. ಪ್ರವೇಶಶುಲ್ಕವಿಲ್ಲ, ಬಹುಮಾನವಿಲ್ಲ, ಗೆದ್ದವನಿಗೆ ಹಾರ ಹಾಕುವವರೂ ಇಲ್ಲ.

ಈ ದಾರಿಯ ಅಪಾಯಗಳನ್ನು ಓದಿದಾಗ 1897ರ ದಿನಚರಿಯನ್ನೇ ಮತ್ತೆ ಓದಿದಂತಾಗುತ್ತದೆ. ಜೂನ್ ತಿಂಗಳಲ್ಲೂ ಉತ್ತರದ ಕಣಿವೆಗಳಲ್ಲಿ ಹಿಮ. ವಯೋಮಿಂಗ್ ರಾಜ್ಯದ ಗ್ರೇಟ್ ಡಿವೈಡ್ ಬೇಸಿನ್ನಿನಲ್ಲಿ ನೂರು ಮೈಲಿಗೂ ಹೆಚ್ಚು ದೂರ ಅಂಗಡಿಯಿಲ್ಲ, ನೆರಳಿಲ್ಲ, ನೀರು ಅಪರೂಪ. ನ್ಯೂ ಮೆಕ್ಸಿಕೊದಲ್ಲಿ ಮಳೆ ಬಿದ್ದರೆ ಜೇಡಿ ನೆಲ ಗಾಲಿಗೆ ಮೆತ್ತಿಕೊಂಡು ಸೈಕಲ್ ತಳ್ಳಲೂ ಆಗದು. ಧಾರವಾಡದ ಕಡೆಯ ಎರೆಮಣ್ಣಿನಲ್ಲಿ ಮಳೆಗಾಲದಲ್ಲಿ ಬಂಡಿ ಹೂಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇಂಥಲ್ಲಿ ಹಠ ಮಾಡಿ ಎಳೆದವನ ಗೇರ್ ಕಿತ್ತುಬರುತ್ತದೆ. ಒಣಗುವವರೆಗೆ ಕಾದು ಕುಳಿತವನು ಮುಂದೆ ಹೋಗುತ್ತಾನೆ. ಕಾಯುವುದೂ ಒಂದು ಸಿದ್ಧತೆ. ಅದಕ್ಕೆ ಬೇಕಾದ ಒಂದು ದಿನದ ಆಹಾರವನ್ನೂ ನೀರನ್ನೂ ಮುಂಚೆಯೇ ಹೊತ್ತಿದ್ದವನು ಮಾತ್ರ ಕಾಯಬಲ್ಲ.

ಇದೇ ಹೊತ್ತಿನಲ್ಲಿ ಒಂದು ಸಣ್ಣ ಪೆಟ್ಟಿಗೆ ಬಂದು ಇಡೀ ಚಿತ್ರವನ್ನು ಬದಲಿಸಿತು. 2007ರ ಕೊನೆಗೆ ಸ್ಪಾಟ್ ಎಂಬ ಉಪಗ್ರಹ ಸಾಧನ ಮಾರುಕಟ್ಟೆಗೆ ಬಂದಿತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಮೊಬೈಲ್ ಸಂಕೇತವೇ ಇಲ್ಲದ ಕಡೆಯಿಂದಲೂ ಸವಾರನಿರುವ ಸ್ಥಳವನ್ನು ಅದು ಸಾರುತ್ತದೆ. ಒಂದು ಗುಂಡಿಯನ್ನು ಒತ್ತಿದರೆ ರಕ್ಷಣಾ ಕೇಂದ್ರಕ್ಕೆ ಸುದ್ದಿ ಮುಟ್ಟುತ್ತದೆ. 2011ರಲ್ಲಿ ಬಂದ ಇನ್‌ರೀಚ್ ಸಾಧನ ಎರಡೂ ಕಡೆಯಿಂದ ಸಂದೇಶ ಕಳುಹಿಸುವ ಅನುಕೂಲವನ್ನೂ ಕೊಟ್ಟಿತು. ಸ್ಪರ್ಧಿಗಳೆಲ್ಲ ಭೂಪಟದ ಮೇಲಿನ ಚುಕ್ಕೆಗಳಾದರು. ಮನೆಯಲ್ಲಿ ಕುಳಿತ ತಾಯಿ ತಂದೆ ಹೆಂಡತಿ ಮಕ್ಕಳು ರಾತ್ರಿಯೆಲ್ಲ ಆ ಚುಕ್ಕೆಯನ್ನು ನೋಡುವಂತಾಯಿತು.

ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಗುಂಡಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿದಿರಬೇಕು. ಅದು ಸುದ್ದಿಯನ್ನು ಕ್ಷಣಗಳಲ್ಲಿ ಕಳುಹಿಸುತ್ತದೆ. ಮನುಷ್ಯರನ್ನು ಕ್ಷಣಗಳಲ್ಲಿ ತರುವುದಿಲ್ಲ. ಮೋಡ ಕವಿದರೆ ಹೆಲಿಕಾಪ್ಟರ್ ಹಾರದು, ಕಾಲ್ನಡೆಯವರು ಬರಲು ಅರ್ಧ ದಿನವೋ ಒಂದು ದಿನವೋ ಬೇಕಾಗಬಹುದು. ಆ ಹೊತ್ತನ್ನು ಬೆಚ್ಚಗೆ ಕಳೆಯಲು ಬೇಕಾದ ಚೀಲ ಮತ್ತು ಒಣಬಟ್ಟೆ ಇಲ್ಲದವನ ಕೈಯಲ್ಲಿ ಆ ಗುಂಡಿ ಅರ್ಧ ರಕ್ಷೆ ಮಾತ್ರ. ಅದರಲ್ಲೂ ವೇಗಕ್ಕಾಗಿ ಒಂದೊಂದು ಗ್ರಾಮನ್ನು ಕಳೆಯುತ್ತ ಹೋಗುವ ಸ್ಪರ್ಧಿಗೆ, ಗುಂಡಿ ಇದೆಯಲ್ಲ ಎಂಬ ಧೈರ್ಯದಿಂದ ಚೀಲವನ್ನು ಇನ್ನಷ್ಟು ಹಗುರಗೊಳಿಸುವ ಆಸೆ ಹುಟ್ಟುವುದು ಸಹಜ.

2022ರ ಜೂನ್ ತಿಂಗಳ ಟೂರ್ ಡಿವೈಡ್‌ನಲ್ಲಿ ಇದರ ಪರೀಕ್ಷೆಯಾಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಆಗ್ನೇಯ ಮೂಲೆಯ ಬೆಟ್ಟಗಳಲ್ಲಿ ಮಳೆ ಮತ್ತು ಹಿಮ ಒಟ್ಟಿಗೆ ಸುರಿದಾಗ ತೊಯ್ದು ತಣ್ಣಗಾದ ಹಲವು ಸ್ಪರ್ಧಿಗಳನ್ನು ರಕ್ಷಣಾ ತಂಡದವರು ಹೊರತರಬೇಕಾಯಿತು. ಅದೃಷ್ಟವಶಾತ್ ಜೀವಹಾನಿಯಾಗಲಿಲ್ಲ. ಆದರೆ ಆ ಪ್ರಾಂತದ ರಕ್ಷಣಾ ತಂಡಗಳ ಜನ ಸಂಬಳದವರಲ್ಲ. ತಮ್ಮ ತಮ್ಮ ಕೆಲಸ ಬಿಟ್ಟು ಬರುವ ಸ್ವಯಂಸೇವಕರು. ಕೆಟ್ಟ ಹವೆಯಲ್ಲಿ ಬೆಟ್ಟ ಹತ್ತುವಾಗ ಅವರ ಜೀವವೂ ಪಣದಲ್ಲಿರುತ್ತದೆ. ‘ನನ್ನ ಭಾರ ನನ್ನದೇ’ ಎಂಬ ಸೂತ್ರದ ಮೇಲೆ ನಿಂತ ಕ್ರೀಡೆಯಲ್ಲಿ, ಹೊರದೆ ಬಿಟ್ಟ ಭಾರ ಯಾರ ಹೆಗಲಿಗೆ ಹೋಯಿತು ಎಂಬ ಪ್ರಶ್ನೆ ಅಲ್ಲಿ ಎದ್ದು ನಿಂತಿತು.

ಇನ್ನು ಸಾವಿನ ವಿಷಯ. ಬರೆಯಲು ಸಂಕೋಚವಾದರೂ ಚರಿತ್ರೆ ಅದನ್ನು ಬಿಡುವಂತಿಲ್ಲ. ಈ ದಾರಿಗಳ ಬಗ್ಗೆ ಕೇಳಿದವರೆಲ್ಲ ಮೊದಲು ವಿಚಾರಿಸುವುದು ಕರಡಿಯನ್ನು. ಆದರೆ 2010ರ ಟೂರ್ ಡಿವೈಡ್‌ನಲ್ಲಿ ಕೊಲರಾಡೊದ ಮಣ್ಣಿನ ರಸ್ತೆಯೊಂದರಲ್ಲಿ ಒಬ್ಬ ಸ್ಪರ್ಧಿ ಪ್ರಾಣ ಕಳೆದುಕೊಂಡದ್ದು ಎದುರಿಗೆ ಬಂದ ಪಿಕಪ್ ವಾಹನಕ್ಕೆ ಡಿಕ್ಕಿಯಾಗಿ. ಬ್ರಿಟನ್ನಿನ ಮೈಕ್ ಹಾಲ್ ಈ ಕ್ರೀಡೆಯ ಮಹಾರಥಿ. 2012ರಲ್ಲಿ ಭೂಮಿಯನ್ನು ಸುತ್ತಿದ್ದ. 2013ರಲ್ಲಿ ಯೂರೋಪಿನ ಟ್ರಾನ್ಸ್‌ಕಾಂಟಿನೆಂಟಲ್ ಸ್ಪರ್ಧೆಯನ್ನು ಹುಟ್ಟುಹಾಕಿದ. 2016ರಲ್ಲಿ ಟೂರ್ ಡಿವೈಡನ್ನು 13 ದಿನ 22 ಗಂಟೆ 51 ನಿಮಿಷಗಳಲ್ಲಿ ಮುಗಿಸಿ ಆಗಿನ ದಾಖಲೆ ಮಾಡಿದ. ಹಿಮ, ಕರಡಿ, ಮರಳುಗಾಡು ಎಲ್ಲವನ್ನೂ ದಾಟಿದ್ದ ಆತ 2017ರ ಮಾರ್ಚ್ 31ರ ಬೆಳಗಿನ ಜಾವ ಆಸ್ಟ್ರೇಲಿಯದ ಕ್ಯಾನ್‌ಬೆರಾ ಬಳಿಯ ಹೆದ್ದಾರಿಯಲ್ಲಿ, ಇಂಡಿಯನ್ ಪೆಸಿಫಿಕ್ ವೀಲ್ ರೇಸ್ ಎಂಬ ಸ್ಪರ್ಧೆಯ ಕೊನೆಯ ಭಾಗದಲ್ಲಿ, ಕಾರು ಬಡಿದು ತೀರಿಕೊಂಡ. ಆ ಸ್ಪರ್ಧೆಯನ್ನು ಅಂದೇ ನಿಲ್ಲಿಸಲಾಯಿತು.

ಹಾಗೆಂದು ಕರಡಿಯ ಭಯ ಹುರುಳಿಲ್ಲದ್ದೆಂದಲ್ಲ. 2021ರ ಜುಲೈನಲ್ಲಿ ಮೊಂಟಾನಾದ ಓವಾಂಡೊ ಎಂಬ ಪುಟ್ಟ ಊರಿನಲ್ಲಿ, ಡೇರೆಯಲ್ಲಿ ಮಲಗಿದ್ದ ಒಬ್ಬ ಸೈಕಲ್ ಪ್ರವಾಸಿ ಮಹಿಳೆಯನ್ನು ಗ್ರಿಜ್ಲಿ ಕರಡಿ ಕೊಂದಿತು. ಆಕೆ ಸ್ಪರ್ಧಿಯಲ್ಲ. ಜಾಗ ನಿಬಿಡ ಕಾಡಲ್ಲ, ಊರಿನ ಒಳಗೇ. ಕರಡಿ ಮೊದಲೊಮ್ಮೆ ಬಂದು ಹೋಗಿತ್ತು. ಆಹಾರವನ್ನು ಡೇರೆಯಿಂದ ತೆಗೆದಿರಿಸಿ ಮತ್ತೆ ಮಲಗಿದ ಮೇಲೆ ಅದು ಮರಳಿ ಬಂದಿತು. ಕಾಡಿನಲ್ಲಿ ಬುತ್ತಿಯನ್ನು ದೂರದ ಮರಕ್ಕೆ ಕಟ್ಟುವ ಎಚ್ಚರ ಊರಿನೊಳಗೂ ಬೇಕೆಂದು ಆ ಘಟನೆ ಎಲ್ಲರಿಗೂ ಕಲಿಸಿತು. ಎಲ್ಲಿ ನಾವು ನಿಶ್ಚಿಂತರೋ ಅಲ್ಲಿಯೇ ಅಪಾಯ ಕಾಲಿಡುತ್ತದೆ.

ಇವೆಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು ನೋಡಿದಾಗ ನನಗೆ ಕಾಣುವುದಿಷ್ಟು. ಮನುಷ್ಯ ಹೆದರುವುದು ಒಂದಕ್ಕೆ, ಅವನಿಗೆ ಹಾನಿಯಾಗುವುದು ಇನ್ನೊಂದರಿಂದ. ಬಂದೂಕು ಹೊತ್ತವನನ್ನು ಕೆಟ್ಟ ನೀರು ಮಲಗಿಸಿತು. ಚಳಿಗೆ ಸಿದ್ಧನಾದವನನ್ನು ಕರಗುವ ಮಂಜು ನುಂಗಹೋಯಿತು. ಕರಡಿಗೆಂದು ಎಚ್ಚರವಿದ್ದ ದಾರಿಯಲ್ಲಿ ವಾಹನ ಬಡಿಯಿತು. ದಿನಕ್ಕೆ ಮುನ್ನೂರು ಕಿಲೋಮೀಟರು ತುಳಿದು ಮೂರು ನಾಲ್ಕು ಗಂಟೆ ಮಾತ್ರ ಮಲಗುವವನಿಗೆ, ತಾನು ತೂಕಡಿಸುತ್ತಿದ್ದೇನೆಂಬುದನ್ನು ಅರಿಯುವ ಶಕ್ತಿಯೇ ಮೊದಲು ಹೋಗುತ್ತದೆ. ಆದುದರಿಂದಲೇ ಮುಖ್ಯ ನಿರ್ಧಾರಗಳನ್ನು ಹೊರಡುವ ಮುನ್ನ, ಮೈ ಬೆಚ್ಚಗಿದ್ದಾಗ, ಹೊಟ್ಟೆ ತುಂಬಿದ್ದಾಗ, ಬುದ್ಧಿ ತಿಳಿಯಾಗಿದ್ದಾಗ ಮಾಡಿಟ್ಟುಕೊಳ್ಳಬೇಕು. ಇಷ್ಟು ಚಳಿಯಾದರೆ ನಿಲ್ಲುತ್ತೇನೆ. ಬಟ್ಟೆ ತೊಯ್ದರೆ ಕಣಿವೆ ಹತ್ತುವುದಿಲ್ಲ. ಇಂಥ ಊರನ್ನು ಸಂಜೆಯೊಳಗೆ ಮುಟ್ಟದಿದ್ದರೆ ಮುಂದೆ ಹೋಗದೆ ಮಲಗುತ್ತೇನೆ ಎಂದು ಬರೆದಿಟ್ಟುಕೊಂಡವನಿಗೆ, ಬೆಟ್ಟದ ಮೇಲೆ ತನ್ನೊಡನೆ ತಾನೇ ವಾದಿಸುವ ಕಷ್ಟವಿಲ್ಲ. ಹಿಂದಿರುಗುವ ದಾರಿಯನ್ನು ಮೊದಲೇ ನಿಶ್ಚಯಿಸಿಕೊಂಡವನಿಗೆ ಹಿಂದಿರುಗುವುದು ಸೋಲೆನಿಸುವುದಿಲ್ಲ.

ಸಾಹಸಕ್ಕೂ ಹುಚ್ಚಾಟಕ್ಕೂ ನಡುವಿನ ಗೆರೆ ಇರುವುದು ದೂರದಲ್ಲಾಗಲಿ ಎತ್ತರದಲ್ಲಾಗಲಿ ಅಲ್ಲ. ಸಣ್ಣ ಪಯಣಗಳಲ್ಲಿ ತನ್ನನ್ನೂ ತನ್ನ ಸಾಮಾನನ್ನೂ ಪರೀಕ್ಷಿಸಿ, ಮುಟ್ಟದ ಬುತ್ತಿಯೊಂದನ್ನು ಕೊನೆಯವರೆಗೆ ಉಳಿಸಿಕೊಂಡು, ಎಲ್ಲಿ ನಿಲ್ಲಬೇಕೆಂದು ಮೊದಲೇ ತಿಳಿದು ಹೊರಟವನು ಸಾಹಸಿ. ಏನಾದರೂ ಆದರೆ ಯಾರಾದರೂ ಬಂದಾರು ಎಂದು ಹೊರಟವನು ತನ್ನ ಸಾಹಸದ ವೆಚ್ಚವನ್ನು, ತನ್ನನ್ನು ಒಮ್ಮೆಯೂ ಕಂಡಿರದ ಒಬ್ಬ ಸ್ವಯಂಸೇವಕನ ಲೆಕ್ಕಕ್ಕೆ ಬರೆದಂತೆ. ಆ ಸ್ವಯಂಸೇವಕನಿಗೂ ಮನೆಯಿದೆ, ಬಾಗಿಲಲ್ಲಿ ಕಾಯುವ ಮಕ್ಕಳಿದ್ದಾರೆ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ವಾರಾಂತ್ಯಗಳಲ್ಲಿ ಬೆಟ್ಟ ಹತ್ತುತ್ತೀರಿ, ಕೆಲವರು ಸೈಕಲ್ ಹಿಡಿದು ದೂರ ಹೋಗುತ್ತೀರಿ ಎಂದು ಕೇಳಿ ಸಂತೋಷಪಟ್ಟಿದ್ದೇನೆ. ಹೋಗಿ ಬನ್ನಿ. ಹೋಗುವ ಮುನ್ನ ಎಲ್ಲಿಗೆ, ಯಾವ ದಾರಿಯಿಂದ, ಎಷ್ಟು ಹೊತ್ತಿಗೆ ಮರಳುತ್ತೇನೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಡಿ. ನೀರಿನ ಲೆಕ್ಕವನ್ನು ಅನ್ನದ ಲೆಕ್ಕಕ್ಕಿಂತ ಮೊದಲು ಹಾಕಿ. ನಿಮ್ಮ ಅನುಭವಗಳಿದ್ದರೆ ಬರೆದು ಕಳುಹಿಸಿ. ಓದಲು ಈಗ ನನಗೆ ಬೇಕಾದಷ್ಟು ಸಮಯವಿದೆ.